ಟಿಪ್ ನಿಜವಾಗಿ ಬೆಲೆ ಏರಿತೇ, ಟಿಪ್ ಹಬ್ಬಿ ಬೆಲೆ ಏರಿತೇ?

2020ರ ಮಾರ್ಚ್ ತಿಂಗಳಲ್ಲಿ ದೇಶದಲ್ಲಿದ್ದ ಡಿಮ್ಯಾಟ್ ಖಾತೆಗಳು, ಅಂದರೆ ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಡುವ ಖಾತೆಗಳು, ಸುಮಾರು 4 ಕೋಟಿ. 2024ರ ಕೊನೆಯ ಹೊತ್ತಿಗೆ ಆ ಸಂಖ್ಯೆ 18 ಕೋಟಿಯನ್ನು ದಾಟಿತ್ತು. ಒಬ್ಬರಿಗೇ ಎರಡು ಮೂರು ಖಾತೆಗಳಿರಬಹುದಾದರೂ, ಈ ಅವಧಿಯಲ್ಲಿ ಕೋಟ್ಯಂತರ ಜನ ಹೊಸದಾಗಿ ಷೇರುಪೇಟೆಗೆ ಬಂದಿದ್ದಾರೆ ಎಂಬುದರಲ್ಲಿ ಅನುಮಾನವಿಲ್ಲ. ಇವರಲ್ಲಿ ಬಹಳ ಮಂದಿ ಬ್ರೋಕರ್ ಕಚೇರಿಯ ಮೆಟ್ಟಿಲು ಹತ್ತಿದವರಲ್ಲ, ಕಂಪನಿಯೊಂದರ ವಾರ್ಷಿಕ ವರದಿಯನ್ನು ತೆರೆದು ನೋಡಿದವರೂ ಅಲ್ಲ. ಮೊಬೈಲಿನಲ್ಲೇ ಖಾತೆ ತೆರೆದು, ಸಹೋದ್ಯೋಗಿಯೋ, ಸೋದರಮಾವನ ಮಗನೋ, ಬೆಳಗಿನ ವಾಕಿಂಗ್‌ನಲ್ಲಿ ಜೊತೆಯಾಗುವ ನಿವೃತ್ತ ಬ್ಯಾಂಕ್ ಅಧಿಕಾರಿಯೋ ಹೇಳಿದ ಷೇರುಗಳಿಂದ, ಅಂದರೆ ಅವರು ಕೊಟ್ಟ ಟಿಪ್‌ಗಳಿಂದ, ಹೂಡಿಕೆ ಆರಂಭಿಸಿದವರು. ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ನಾನೂ ನನ್ನ ಸ್ನೇಹಿತರೂ ಬಹಳ ಕಾಲದಿಂದ ಷೇರುಗಳ ಬಗ್ಗೆ ಮಾತನಾಡುತ್ತ ಬಂದಿದ್ದೇವೆ. ಬ್ಯಾಲೆನ್ಸ್ ಶೀಟ್ ಓದುವುದನ್ನು ನಾನು ಕಲಿತದ್ದು ಅಂಥ ಮಾತುಕತೆಯಲ್ಲೇ.

ಆದರೆ ಈ ಹಂಚಿಕೊಳ್ಳುವಿಕೆಯಲ್ಲಿ ಒಂದು ದೊಡ್ಡ ಅಪಾಯವಿದೆ. ಒಂದು ಷೇರಿನ ಹೆಸರು ಬಾಯಿಂದ ಬಾಯಿಗೆ ಹರಡಿದ ಮೇಲೆ ಅದರ ಬೆಲೆ ಏರಿದರೆ, ಹೆಸರು ಹೇಳಿದವರಿಗೆ ಏನೋ ತಿಳಿದಿತ್ತು ಎಂಬ ನಂಬಿಕೆ ನಮ್ಮಲ್ಲಿ ತಾನಾಗಿಯೇ ಹುಟ್ಟುತ್ತದೆ. ಆ ಏರಿಕೆ ಕಂಪನಿಯ ವ್ಯವಹಾರದಿಂದ ಬಂದದ್ದೋ, ಹೆಸರು ಕೇಳಿದವರೆಲ್ಲ ಒಟ್ಟಿಗೆ ಖರೀದಿಗೆ ಇಳಿದದ್ದರಿಂದ ಬಂದದ್ದೋ ಎಂದು ಕೇಳಿಕೊಳ್ಳುವ ಅಭ್ಯಾಸ ಇಲ್ಲದವರು ಎಷ್ಟು ವರ್ಷ ಪೇಟೆಯಲ್ಲಿದ್ದರೂ ಮೋಸಹೋಗುವ ಸಾಧ್ಯತೆ ಕಡಿಮೆಯಾಗುವುದಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಬೆಲೆ ಎಂಬುದು ಹೇಗೆ ಹುಟ್ಟುತ್ತದೆ ಎಂಬಲ್ಲಿಂದಲೇ ಶುರುಮಾಡಬೇಕು.

ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ಪರದೆಯ ಮೇಲೆ ಕಾಣುವ ಬೆಲೆ, ಕೊನೆಯದಾಗಿ ನಡೆದ ಒಂದು ವಹಿವಾಟಿನ ಬೆಲೆ ಮಾತ್ರ. ನಮ್ಮಲ್ಲಿರುವ ಎಲ್ಲ ಷೇರುಗಳನ್ನೂ ಅದೇ ಬೆಲೆಗೆ ಕೊಳ್ಳಲು ಯಾರೋ ಕಾದಿದ್ದಾರೆ ಎಂಬ ಭರವಸೆ ಅದರಲ್ಲಿ ಇರುವುದಿಲ್ಲ. ಒಂದು ಸಣ್ಣ ಕಂಪನಿಯ ಷೇರು 100 ರೂಪಾಯಿಯಲ್ಲಿದೆ ಎಂದುಕೊಳ್ಳೋಣ. 100 ರೂಪಾಯಿ 50 ಪೈಸೆಗೆ 200 ಷೇರು, 101ಕ್ಕೆ 300, 102 ರೂಪಾಯಿ 40 ಪೈಸೆಗೆ 150, ಆಮೇಲೆ ನೇರವಾಗಿ 104ಕ್ಕೆ 500 ಷೇರು ಮಾರಾಟಕ್ಕಿವೆ. ಒಂದು ಟಿಪ್ ಕೇಳಿದ 50 ಜನ ತಲಾ 100 ಷೇರು ಕೊಳ್ಳಲು ಹೊರಟರೆ ಅವರಿಗೆ ಬೇಕಾಗುವುದು 5,000 ಷೇರು. ಸಿಗುವುದು ಮೇಲಿನ ಲೆಕ್ಕದಂತೆ 1,150. ಉಳಿದವರು ಇನ್ನೂ ಮೇಲಿನ ಬೆಲೆಗೆ ಆರ್ಡರ್ ಹಾಕುತ್ತಾರೆ, ಬೆಲೆ ಏರುತ್ತದೆ. ಆ ಹೊತ್ತಿಗೆ ಕಂಪನಿಯಲ್ಲಿ ಏನೂ ಬದಲಾಗಿರುವುದಿಲ್ಲ. ಒಂದು ಆರ್ಡರ್ ಕೂಡ ಹೊಸದಾಗಿ ಬಂದಿರುವುದಿಲ್ಲ, ಸಾಲವೂ ತೀರಿರುವುದಿಲ್ಲ. ಆದರೂ ಸಂಜೆಯ ಹೊತ್ತಿಗೆ ಆ 50 ಜನರೂ ಟಿಪ್ ನಿಜವಾಯಿತೆಂದು ಇನ್ನಷ್ಟು ಜನರಿಗೆ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಮೋಸದ ಉದ್ದೇಶ ಇರಲೇಬೇಕಿಲ್ಲ ಎಂಬುದೇ ಇದನ್ನು ಗುರುತಿಸುವುದನ್ನು ಕಷ್ಟವಾಗಿಸುತ್ತದೆ.

ಬೆಲೆ ಎಂಬುದು ಮೌಲ್ಯದಿಂದ ಎಷ್ಟು ದೂರ ಇರಬಲ್ಲದು ಎಂಬುದಕ್ಕೆ ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಎಂಬ ಕಂಪನಿಯ ಷೇರನ್ನು ನಾನು ಎಲ್ಲರಿಗೂ ಉದಾಹರಣೆಯಾಗಿ ಕೊಡುತ್ತೇನೆ. ಅದರ ಒಟ್ಟು ಷೇರುಗಳೇ 2 ಲಕ್ಷ. ಅದರ ಕೈಯಲ್ಲಿ ಏಷ್ಯನ್ ಪೇಂಟ್ಸ್ ಕಂಪನಿಯ ಬೆಲೆಬಾಳುವ ಪಾಲು ಇದೆ. ಲೆಕ್ಕದ ಪ್ರಕಾರ ಒಂದೊಂದು ಷೇರಿನ ಹಿಂದೆ ಲಕ್ಷಾಂತರ ರೂಪಾಯಿಯ ಆಸ್ತಿ ಇದ್ದರೂ ಪಟ್ಟಿಯಲ್ಲಿದ್ದ ಬೆಲೆ 3 ರೂಪಾಯಿ 53 ಪೈಸೆ. ಆ ಬೆಲೆಗೆ ಮಾರಲು ಯಾರೂ ತಯಾರಿರಲಿಲ್ಲವಾದ್ದರಿಂದ ವಹಿವಾಟು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಇಂಥ ಹೂಡಿಕೆ ಕಂಪನಿಗಳಿಗೆ ಸರಿಯಾದ ಬೆಲೆ ಕಂಡುಕೊಳ್ಳಲೆಂದೇ ವಿಶೇಷ ಹರಾಜು ನಡೆಸುವ ವ್ಯವಸ್ಥೆಯನ್ನು ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2024ರಲ್ಲಿ ತಂದಿತು. ಅದರಂತೆ 2024ರ ಅಕ್ಟೋಬರ್ 29ರಂದು ಹರಾಜು ನಡೆದಾಗ ಈ ಷೇರು ಒಂದೇ ದಿನದಲ್ಲಿ 2,36,250 ರೂಪಾಯಿಗೆ ಮುಕ್ತಾಯವಾಯಿತು. ಅದನ್ನು ದೇಶದ ಅತ್ಯಂತ ದೊಡ್ಡ ಏರಿಕೆಯೆಂದು ಕೊಂಡಾಡಿ ಹರಿದಾಡಿದ ಸಂದೇಶಗಳು, ಅಲ್ಲಿಯವರೆಗಿನ 3 ರೂಪಾಯಿ ಬೆಲೆಯೇ ಹೆಸರಿಗೆ ಮಾತ್ರ ಇದ್ದದ್ದು ಎಂಬುದನ್ನು ಹೇಳಲಿಲ್ಲ. ಮಾರುವವರಿಲ್ಲದ ಕಡೆ ಬೆಲೆಯ ಅಂಕಿಗೆ ಅರ್ಥವಿಲ್ಲ. ಕೊಳ್ಳುವವರಿಲ್ಲದ ಕಡೆಯೂ ಅಷ್ಟೆ.

ಅಪ್ಪರ್ ಸರ್ಕ್ಯೂಟ್, ಅಂದರೆ ಬೆಲೆ ದಿನದ ಏರಿಕೆಯ ಮಿತಿಯನ್ನು ಮುಟ್ಟುವುದು, ಎಂಬ ಮಾತಿಗೆ ಹೊಸಬರು ಮರುಳಾಗುವುದು ಇದನ್ನು ತಿಳಿಯದೆಯೇ. ವಾಯಿದೆ ವಹಿವಾಟು (ಮುಂದಿನ ದಿನಾಂಕಕ್ಕೆ ಬೆಲೆ ನಿಗದಿ ಮಾಡಿಕೊಳ್ಳುವ ಫ್ಯೂಚರ್ಸ್, ಆಪ್ಷನ್ಸ್ ಒಪ್ಪಂದಗಳು) ಇಲ್ಲದ ಷೇರುಗಳಿಗೆ ದಿನಕ್ಕೆ ಶೇ 2, 5, 10 ಅಥವಾ 20ರ ಬೆಲೆ ಮಿತಿ ಇರುತ್ತದೆ. ಶೇ 5ರ ಮಿತಿಯ ಷೇರು 20 ದಿನ ಸತತವಾಗಿ ಮೇಲಿನ ಮಿತಿ ಮುಟ್ಟಿದರೆ 100 ರೂಪಾಯಿ 265 ಆಗುತ್ತದೆ. ಆ ದಿನಗಳಲ್ಲಿ ಪರದೆಯಲ್ಲಿ ಲಕ್ಷಗಟ್ಟಲೆ ಖರೀದಿ ಆರ್ಡರ್‌ಗಳು ಕಾಣುತ್ತವೆ, ಮಾರಾಟದ ಬದಿಯಲ್ಲಿ ಸೊನ್ನೆ. ಆ ಸೊನ್ನೆಯೇ ಬೇಡಿಕೆಗೆ ಸಾಕ್ಷಿ ಎಂದು ಕೆಲವರು ವಾದಿಸುತ್ತಾರೆ. ಆದರೆ ಇಂಥ ದಿನಗಳ ವಹಿವಾಟಿನ ಪ್ರಮಾಣವನ್ನು ನೋಡಿದರೆ ಕೆಲವೊಮ್ಮೆ ಇಡೀ ದಿನಕ್ಕೆ ಕೆಲವೇ ನೂರು ಷೇರುಗಳು ಕೈ ಬದಲಾಗಿರುತ್ತವೆ. ಅಂದರೆ ಷೇರುಗಳ ಬಹುಪಾಲು ಕೆಲವೇ ಕೈಗಳಲ್ಲಿದ್ದು, ಅವರು ಇನ್ನೂ ಬಿಟ್ಟುಕೊಟ್ಟಿಲ್ಲ ಎಂದರ್ಥ. ಸಾಮಾನ್ಯ ಹೂಡಿಕೆದಾರನಿಗೆ ಧಾರಾಳವಾಗಿ ಷೇರು ಸಿಗತೊಡಗುವುದು ಅವರು ಬಿಟ್ಟುಕೊಡಲು ನಿರ್ಧರಿಸಿದ ದಿನ. ಅಲ್ಲಿಂದ ಕೆಳಗಿನ ಮಿತಿಗೆ ಬೀಳಲು ಶುರುವಾದರೆ 20 ದಿನಗಳಲ್ಲಿ 100 ರೂಪಾಯಿ 36ಕ್ಕೆ ಇಳಿಯುತ್ತದೆ, ಮತ್ತು ಆ ದಿನಗಳಲ್ಲಿ ಮಾರಲು ಎಷ್ಟೇ ಬೇಗ ಆರ್ಡರ್ ಹಾಕಿದರೂ ಕೊಳ್ಳುವವರು ಇರುವುದಿಲ್ಲ.

ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣದಲ್ಲಿ ಸೆಬಿಯ ಆದೇಶವನ್ನು ಓದಿದವರಿಗೆ ಇದು ಕಲ್ಪನೆಯ ಮಾತಲ್ಲ ಎಂದು ಗೊತ್ತಾಗುತ್ತದೆ. 2022ರ ಜುಲೈ ತಿಂಗಳ ಉತ್ತರಾರ್ಧದಲ್ಲಿ ಎರಡು ಯೂಟ್ಯೂಬ್ ಚಾನೆಲ್‌ಗಳಲ್ಲಿ ಈ ಕಂಪನಿಯ ಬಗ್ಗೆ ವಿಡಿಯೊಗಳು ಬಂದವು. ಅದಾನಿ ಸಮೂಹ ಈ ಕಂಪನಿಯನ್ನು ಕೊಳ್ಳಲಿದೆ, ಅಮೆರಿಕದ ದೊಡ್ಡ ಸಂಸ್ಥೆಯೊಂದು ನಾಲ್ಕು ಭಕ್ತಿ ಚಿತ್ರಗಳ ನಿರ್ಮಾಣಕ್ಕೆ 1,100 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿದೆ ಎಂಬಂಥ ಸುಳ್ಳು ಸುದ್ದಿಗಳು ಅವುಗಳಲ್ಲಿದ್ದವು. ವಿಡಿಯೊಗಳನ್ನು ಹಣ ಕೊಟ್ಟು ಪ್ರಚಾರ ಮಾಡಲಾಗಿತ್ತು. ಬೆಲೆಯೂ ವಹಿವಾಟೂ ಒಟ್ಟಿಗೆ ಏರಿದವು. ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತು. ಅದೇ ಹೊತ್ತಿಗೆ ಕಂಪನಿಯನ್ನು ಕಟ್ಟಿ ನಡೆಸುವ ಪ್ರವರ್ತಕರಲ್ಲಿ ಕೆಲವರೂ ದೊಡ್ಡ ಷೇರುದಾರರೂ ತಮ್ಮಲ್ಲಿದ್ದದ್ದನ್ನು ಏರಿದ ಬೆಲೆಗೆ ಮಾರಿ ಹೊರಬಂದರು. 2023ರ ಮಾರ್ಚ್ 2ರಂದು ಸೆಬಿ ಮಧ್ಯಂತರ ಆದೇಶ ಹೊರಡಿಸಿತು. 2025ರ ಮೇ ತಿಂಗಳ ಅಂತಿಮ ಆದೇಶದಲ್ಲಿ 59 ವ್ಯಕ್ತಿಗಳು ಮತ್ತು ಸಂಸ್ಥೆಗಳನ್ನು ಪೇಟೆಯಿಂದ ನಿರ್ಬಂಧಿಸಿ, ಅಕ್ರಮವಾಗಿ ಗಳಿಸಿದ 58 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತವನ್ನು ಬಡ್ಡಿ ಸಮೇತ ಹಿಂತಿರುಗಿಸುವಂತೆ ಹೇಳಿತು.

ಈ ಆದೇಶದಲ್ಲಿ ನನ್ನನ್ನು ಬಹಳ ಕಾಡಿದ್ದು ಆ 55,343 ಎಂಬ ಸಂಖ್ಯೆ. ಅಷ್ಟು ಜನರಲ್ಲಿ ಬಹುತೇಕರು ವಿಡಿಯೊ ನೋಡಿ ಮೊದಲು ತಮ್ಮ ಮನೆಯವರಿಗೆ, ಸ್ನೇಹಿತರಿಗೆ ಹೇಳಿರಬಹುದು. ಅವರ ದೃಷ್ಟಿಯಲ್ಲಿ ಅವರು ಮಾಡುತ್ತಿದ್ದದ್ದು ಉಪಕಾರ. 1,100 ಕೋಟಿಯ ಒಪ್ಪಂದ ನಿಜವಾಗಿದ್ದರೆ ಕಂಪನಿ ಅದನ್ನು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಲೇಬೇಕಿತ್ತು ಎಂಬ ಒಂದು ಸಂಗತಿ ಗೊತ್ತಿದ್ದರೆ ಸಾಕಾಗಿತ್ತು. ಬಿಎಸ್‌ಇ, ಎನ್‌ಎಸ್‌ಇ ಎಂಬ ಈ ವಿನಿಮಯ ಕೇಂದ್ರಗಳ ಜಾಲತಾಣಗಳಲ್ಲಿ ಕಂಪನಿಯ ಹೆಸರು ಹಾಕಿದರೆ ಪ್ರಕಟಣೆಗಳು, ಪ್ರತಿ ತ್ರೈಮಾಸಿಕದ ಷೇರುದಾರರ ವಿವರ, ಪ್ರವರ್ತಕರು ಅಡವಿಟ್ಟ ಷೇರುಗಳ ಪ್ರಮಾಣ, ಆ ಷೇರು ವಿಶೇಷ ನಿಗಾ ಪಟ್ಟಿಯಲ್ಲಿದೆಯೇ ಎಂಬುದು ಎಲ್ಲವೂ ಶುಲ್ಕವಿಲ್ಲದೆ ಸಿಗುತ್ತದೆ. ಇಷ್ಟನ್ನು ನೋಡಲು ಹತ್ತು ನಿಮಿಷ ಸಾಕು. ಅದನ್ನೂ ನೋಡದೆ ಬೇರೊಬ್ಬರ ಉಳಿತಾಯದ ವಿಷಯದಲ್ಲಿ ಸಲಹೆ ಕೊಡುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇಷ್ಟು ಹೇಳಿದ ಮಾತ್ರಕ್ಕೆ ದೊಡ್ಡ ಕಂಪನಿಗಳ ಬೆಲೆ ಅರ್ಥಮಾಡಿಕೊಳ್ಳುವುದು ಸುಲಭ ಎಂದುಕೊಳ್ಳಬಾರದು. ಅಲ್ಲಿ ನಮ್ಮಂಥವರ ಖರೀದಿಯಿಂದ ಬೆಲೆ ಅಲುಗುವುದಿಲ್ಲ. ಅಲುಗಿಸುವುದು ನಿರೀಕ್ಷೆಗೂ ಫಲಿತಾಂಶಕ್ಕೂ ನಡುವಿನ ಅಂತರ. ಬೆಂಗಳೂರಿನ ಇನ್ಫೋಸಿಸ್‌ಗಿಂತ ಇದಕ್ಕೆ ಒಳ್ಳೆಯ ಪಾಠ ಬೇರೊಂದಿಲ್ಲ. 2013ರ ಏಪ್ರಿಲ್ 12ರಂದು ಕಂಪನಿ ತನ್ನ ಫಲಿತಾಂಶ ಪ್ರಕಟಿಸಿದಾಗ ಆ ತ್ರೈಮಾಸಿಕದ ನಿವ್ವಳ ಲಾಭ ಹಿಂದಿನ ವರ್ಷದ ಇದೇ ಅವಧಿಗಿಂತ ಶೇ 3.4ರಷ್ಟು ಹೆಚ್ಚಾಗಿ 2,394 ಕೋಟಿ ರೂಪಾಯಿ ಆಗಿತ್ತು. ಆದರೆ ಮುಂದಿನ ವರ್ಷ ಡಾಲರ್ ಲೆಕ್ಕದಲ್ಲಿ ವರಮಾನ ಶೇ 6ರಿಂದ 10ರಷ್ಟು ಬೆಳೆಯಬಹುದು ಎಂದು ಕಂಪನಿ ಹೇಳಿತು. ಇಡೀ ಐಟಿ ರಫ್ತು ಶೇ 12ರಿಂದ 14ರಷ್ಟು ಬೆಳೆಯುತ್ತದೆಂದು ಐಟಿ ಕಂಪನಿಗಳ ಸಂಘಟನೆಯಾದ ನಾಸ್ಕಾಂ ಅಂದಾಜಿಸಿದ್ದ ಕಾಲವದು. ಆ ಒಂದೇ ದಿನ ಷೇರು ಶೇ 21ರಷ್ಟು ಕುಸಿಯಿತು. ಲಾಭ ಹೆಚ್ಚಾದರೂ ಬೆಲೆ ಏಕೆ ಬಿತ್ತು ಎಂದು ಆಗ ಕೇಳಿದವರು ಅನೇಕರು.

ಅದೇ ವರ್ಷ ಜುಲೈ 12ರಂದು ಮುಂದಿನ ತ್ರೈಮಾಸಿಕದ ಫಲಿತಾಂಶ ಬಂದಾಗ ಕಂಪನಿ ಅದೇ ಶೇ 6ರಿಂದ 10ರ ಮುನ್ನೋಟವನ್ನು ಉಳಿಸಿಕೊಂಡಿತು, ಮತ್ತು ಷೇರು ಸುಮಾರು ಶೇ 11ರಷ್ಟು ಏರಿತು. ಏಪ್ರಿಲ್‌ನಲ್ಲಿ ಜನ ಹೆಚ್ಚಿನದನ್ನು ನಿರೀಕ್ಷಿಸಿದ್ದರು. ಜುಲೈಗೆ ಬರುವಷ್ಟರಲ್ಲಿ ಕಂಪನಿ ಆ ಅಂಕಿಯನ್ನೂ ಇಳಿಸಬಹುದೆಂಬ ಭಯ ಬೆಲೆಯೊಳಗೆ ಸೇರಿಹೋಗಿತ್ತು. ಆ ನಡುವೆ ಜೂನ್‌ನಲ್ಲಿ ನಾರಾಯಣಮೂರ್ತಿಯವರು ಕಂಪನಿಗೆ ಹಿಂತಿರುಗಿದ್ದೂ ಉಂಟು. ಒಂದೇ ಅಂಕಿ ಮೂರು ತಿಂಗಳ ಅಂತರದಲ್ಲಿ ಒಮ್ಮೆ ಕುಸಿತಕ್ಕೂ ಇನ್ನೊಮ್ಮೆ ಏರಿಕೆಗೂ ಕಾರಣವಾಯಿತು ಎಂಬುದನ್ನು ಸರಿಯಾಗಿ ಗ್ರಹಿಸಿದವರು, ಈ ಸಲ ರಿಸಲ್ಟ್ ಚೆನ್ನಾಗಿ ಬರುತ್ತದೆ, ತೆಗೆದುಕೊಳ್ಳಿ ಎಂಬ ಟಿಪ್ ಎಷ್ಟು ಅಪೂರ್ಣ ಎಂದು ತಾವೇ ಕಂಡುಕೊಳ್ಳುತ್ತಾರೆ. ಚೆನ್ನಾಗಿ ಬರುತ್ತದೆ ಎಂಬುದು ಈಗಾಗಲೇ ಎಲ್ಲರಿಗೂ ಗೊತ್ತಿದ್ದರೆ ಅದಕ್ಕೆ ಬೇಕಾದ ಬೆಲೆಯನ್ನು ಪೇಟೆ ಆಗಲೇ ಕೊಟ್ಟಾಗಿರುತ್ತದೆ.

ಬೋನಸ್, ಷೇರು ವಿಭಜನೆ, ಲಾಭಾಂಶ ಇವುಗಳಿಂದಾಗುವ ಬೆಲೆ ಬದಲಾವಣೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ ಷೇರಿನ ಮುಖಬೆಲೆ 10 ರೂಪಾಯಿಯಿಂದ 2ಕ್ಕೆ ಇಳಿದು ಒಂದು ಷೇರು ಐದಾದಾಗ, ಪರದೆಯ ಬೆಲೆ ಐದನೇ ಒಂದು ಭಾಗವಾಯಿತು. ಹೂಡಿಕೆಯ ಮೊತ್ತ ಅಷ್ಟೇ ಉಳಿಯಿತು. ಷೇರು ಕೈಗೆಟುಕುವ ಬೆಲೆಗೆ ಬಂದಿದೆ ಎಂಬ ಕಾರಣಕ್ಕೆ ಮಾತ್ರ ಅದನ್ನು ಯಾರಿಗಾದರೂ ಶಿಫಾರಸು ಮಾಡುವುದರಲ್ಲಿ ಅರ್ಥವಿಲ್ಲ ಎಂದಷ್ಟು ತಿಳಿದರೆ ಸಾಕು.

ಇನ್ನು ಟಿಪ್ ಕೊಡುವವರ ದಾಖಲೆಯ ವಿಷಯ. 2020ರ ಮಾರ್ಚ್ 23ರಂದು, 50 ದೊಡ್ಡ ಕಂಪನಿಗಳ ಷೇರು ಬೆಲೆಯ ಸೂಚ್ಯಂಕವಾದ ನಿಫ್ಟಿ 7,610ರಲ್ಲಿ ಮುಕ್ತಾಯವಾಗಿತ್ತು. 2021ರ ಅಕ್ಟೋಬರ್ 18ರಂದು 18,477 ತಲುಪಿತು. ಆ ಹತ್ತೊಂಬತ್ತು ತಿಂಗಳಲ್ಲಿ ಇಡೀ ಪೇಟೆಯೇ ಎರಡೂವರೆ ಪಟ್ಟಿನ ಹತ್ತಿರ ಏರಿದ್ದರಿಂದ, ಯಾರು ಯಾವ ಷೇರಿನ ಹೆಸರು ಹೇಳಿದರೂ ಅದು ಏರುತ್ತಿತ್ತು. ಇಂದು ಸಲಹೆಗಾರರೆಂದು ಹೆಸರು ಮಾಡಿರುವ ಹಲವರಿಗೆ ಆ ಹೆಸರು ಬಂದದ್ದು ಆ ದಿನಗಳಲ್ಲಿ. ಆದ್ದರಿಂದ ಒಂದು ಸಲಹೆ ಎಷ್ಟು ಲಾಭ ಕೊಟ್ಟಿತು ಎಂದು ಕೇಳುವ ಜೊತೆಗೆ, ಅದೇ ಅವಧಿಯಲ್ಲಿ ನಿಫ್ಟಿ ಎಷ್ಟು ಏರಿತ್ತು ಎಂದೂ ಕೇಳಬೇಕು. ಹೇಳಿದ ಹೆಸರುಗಳೆಲ್ಲವನ್ನೂ ದಿನಾಂಕ ಮತ್ತು ಬೆಲೆಯ ಸಹಿತ ಬರೆದಿಟ್ಟುಕೊಳ್ಳದಿದ್ದರೆ, ಏರಿದ ಎರಡು ನೆನಪಿನಲ್ಲಿ ಉಳಿದು, ಬಿದ್ದ ಎಂಟು ಮರೆತುಹೋಗುತ್ತವೆ.

ನಮ್ಮ ಸ್ನೇಹಿತರ ನಡುವೆ ಈಗ ಒಂದು ಕ್ರಮವಿದೆ. ಷೇರಿನ ಹೆಸರು ಹೇಳುವವರು ಅದು ತಮ್ಮಲ್ಲಿದೆಯೇ, ಯಾವ ಬೆಲೆಗೆ ಕೊಂಡಿದ್ದಾರೆ ಎಂದು ಮೊದಲು ಹೇಳಬೇಕು. ಕೊಳ್ಳಲು ಕಾರಣವೇನು ಎಂಬುದನ್ನು ಕಂಪನಿಯ ವ್ಯವಹಾರದ ಮಾತಿನಲ್ಲಿ ಹೇಳಬೇಕು; ಚಾರ್ಟ್ ಚೆನ್ನಾಗಿದೆ, ಒಳಗಿನವರು ಕೊಳ್ಳುತ್ತಿದ್ದಾರಂತೆ ಎಂಬಂಥ ಮಾತುಗಳನ್ನು ಕಾರಣವೆಂದು ಒಪ್ಪುವುದಿಲ್ಲ. ಏನಾದರೆ ತಮ್ಮ ಎಣಿಕೆ ತಪ್ಪಿತೆಂದು ತಿಳಿಯುತ್ತಾರೆ ಎಂದೂ ಹೇಳಬೇಕು. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಕೊಳ್ಳಿ ಎಂದು ಹೇಳುವವರು ನೂರು ಮಂದಿ ಸಿಗುತ್ತಾರೆ, ತಾವು ಮಾರಿದಾಗ ಅದನ್ನು ತಿಳಿಸುವವರು ಬಹಳ ವಿರಳ. ಹಾಲು ಕೊಡುವ ಎಮ್ಮೆಯನ್ನು ಕೊಳ್ಳುವವರು ಕೂಡ ಎಷ್ಟನೇ ಸೂಲು, ಏಕೆ ಮಾರುತ್ತಿದ್ದೀರಿ ಎಂದು ಕೇಳದೆ ಹಗ್ಗ ಹಿಡಿಯುವುದಿಲ್ಲ. ಷೇರಿನ ವಿಷಯದಲ್ಲಿ ಅಷ್ಟು ಕೇಳುವುದನ್ನು ಸ್ನೇಹಕ್ಕೆ ಕುಂದೆಂದು ಯಾರೂ ತಿಳಿಯಬಾರದು.

ಕಾರಣ ಗೊತ್ತಿರುವುದರ ಲಾಭ ಕೊಳ್ಳುವ ದಿನಕ್ಕಿಂತ ಬೆಲೆ ಬಿದ್ದ ದಿನ ಹೆಚ್ಚು ತಿಳಿಯುತ್ತದೆ. 1993ರಲ್ಲಿ ಇನ್ಫೋಸಿಸ್ 95 ರೂಪಾಯಿಗೆ ಷೇರು ಬಿಡುಗಡೆ ಮಾಡಿದಾಗ ಅದಕ್ಕೆ ಪೂರ್ಣ ಬೇಡಿಕೆಯೇ ಬಂದಿರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಪೇಟೆಯಲ್ಲಿ 145 ರೂಪಾಯಿಗೆ ವಹಿವಾಟು ಆರಂಭವಾಯಿತು. ಆಗ ಕೊಂಡಿದ್ದರೆ ಇಂದು ಎಷ್ಟಾಗುತ್ತಿತ್ತು ಎಂಬ ಲೆಕ್ಕ ಕೇಳದ ಕನ್ನಡಿಗರಿಲ್ಲ. ಆದರೆ ಹಾಗೆ ಕೊಂಡವರು 2003ರ ಏಪ್ರಿಲ್‌ನಲ್ಲಿ ಒಂದೇ ದಿನ ಷೇರು ಕಾಲು ಭಾಗಕ್ಕೂ ಹೆಚ್ಚು ಬಿದ್ದದ್ದನ್ನೂ, ಹತ್ತು ವರ್ಷಗಳ ನಂತರ ಆದ ಕುಸಿತವನ್ನೂ ದಾಟಿ ಬರಬೇಕಿತ್ತು. 95 ರೂಪಾಯಿಗೆ ಕೊಂಡು 145ಕ್ಕೆ ಮಾರಿದವರಿಗೂ ಸಿಕ್ಕಿದ್ದು ಇದೇ ಹೆಸರು. ಹೆಸರು ಮಾತ್ರ ಗೊತ್ತಿದ್ದವರಿಗೆ ಯಾವಾಗ ತಾಳಿಕೊಳ್ಳಬೇಕು, ಯಾವಾಗ ಹೊರಬರಬೇಕು ಎಂದು ನಿರ್ಧರಿಸಲು ಆಧಾರವೇ ಇರುವುದಿಲ್ಲ. ಅವರು ಪ್ರತಿ ಬಾರಿಯೂ ಟಿಪ್ ಕೊಟ್ಟವರಿಗೇ ಫೋನ್ ಮಾಡಬೇಕಾಗುತ್ತದೆ.

ವಾಯಿದೆ ವಹಿವಾಟಿನ ಟಿಪ್ಸ್‌ಗಳನ್ನು ನಾವು ಹಂಚಿಕೊಳ್ಳುವುದೇ ಇಲ್ಲ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ವೈಯಕ್ತಿಕ ವಹಿವಾಟುದಾರರ ಪೈಕಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿದೆ ಎಂದು ಸೆಬಿಯ ಅಧ್ಯಯನವೇ ಹೇಳಿದ ಮೇಲೆ ಅದರ ಬಗ್ಗೆ ಚರ್ಚೆಗೆ ಏನೂ ಉಳಿದಿಲ್ಲ.

ಹಣ ಪಡೆದು ಷೇರು ಶಿಫಾರಸು ಮಾಡುವವರಿಗೆ ಸೆಬಿಯ ನೋಂದಣಿ ಕಡ್ಡಾಯ. ಸಂಶೋಧನಾ ವಿಶ್ಲೇಷಕರ ನಿಯಮಗಳು 2014ರಿಂದಲೇ ಜಾರಿಯಲ್ಲಿವೆ, ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಷೇರುಪೇಟೆಯ ಶಿಕ್ಷಣ ಮಾತ್ರ ಕೊಡುತ್ತೇವೆ ಎನ್ನುವವರು ಕನಿಷ್ಠ ಮೂರು ತಿಂಗಳು ಹಳೆಯ ಬೆಲೆಗಳನ್ನಷ್ಟೇ ಬಳಸಬೇಕೆಂದು 2025ರ ಜನವರಿಯಲ್ಲಿ ಸೆಬಿ ಸ್ಪಷ್ಟಪಡಿಸಿತು. ಇದು ಒಳ್ಳೆಯ ನಿಯಮ. ಪಾಠದ ಹೆಸರಿನಲ್ಲಿ ಇಂದಿನ ಷೇರಿನ ಹೆಸರು ಹೇಳುವವರನ್ನು ಗುರುತಿಸಲು ಸಾಮಾನ್ಯರಿಗೂ ಒಂದು ಅಳತೆಗೋಲು ಸಿಕ್ಕಂತಾಯಿತು.

ನಮ್ಮ ರಾಜ್ಯದವರಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ ನೌಕರರಿಲ್ಲದ ಬಂಧುವರ್ಗವೇ ಇರಲಾರದು. ಹಬ್ಬದ ಊಟಕ್ಕೆ ಸೇರಿದಾಗ, ನಮ್ಮ ಕಂಪನಿಗೆ ದೊಡ್ಡ ಕಾಂಟ್ರ್ಯಾಕ್ಟ್ ಸಿಕ್ಕಿದೆ, ಮುಂದಿನ ವಾರ ಹೊರಗೆ ಗೊತ್ತಾಗುತ್ತದೆ ಎಂದು ಅಳಿಯನೋ ಸೊಸೆಯೋ ಸಂತೋಷದಿಂದ ಹೇಳಿದ ಮಾತು ಮಾರನೆಯ ದಿನ ಖರೀದಿ ಆರ್ಡರ್ ಆಗಿಬಿಡುವುದು ಕಷ್ಟವೇನಲ್ಲ. 2015ರ ಇನ್‌ಸೈಡರ್ ಟ್ರೇಡಿಂಗ್ ತಡೆ ನಿಯಮಗಳ ಪ್ರಕಾರ, ಪ್ರಕಟವಾಗದ, ಬೆಲೆಯ ಮೇಲೆ ಪರಿಣಾಮ ಬೀರುವಂಥ ಮಾಹಿತಿ ಯಾರ ಬಳಿ ಇದೆಯೋ ಅವರೆಲ್ಲರೂ ಒಳಗಿನವರೇ. ಹೇಳಿದವರ ಮೇಲೂ, ಕೇಳಿ ವಹಿವಾಟು ಮಾಡಿದವರ ಮೇಲೂ ಕ್ರಮ ಜರುಗಿಸಬಹುದು. ದಂಡ ಕನಿಷ್ಠ 10 ಲಕ್ಷ ರೂಪಾಯಿ. ಗರಿಷ್ಠ ಮಿತಿ 25 ಕೋಟಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಆದ್ದರಿಂದ ನಮ್ಮವರಲ್ಲಿ ಯಾರಾದರೂ ತಾವು ಕೆಲಸ ಮಾಡುವ ಕಂಪನಿಯ ಬಗ್ಗೆ ಮಾತು ತೆಗೆದರೆ, ಅದು ವಿನಿಮಯ ಕೇಂದ್ರದಲ್ಲಿ ಪ್ರಕಟವಾಗಿದೆಯೇ ಎಂದು ಮೊದಲು ಕೇಳುತ್ತೇವೆ. ಆಗಿಲ್ಲವೆಂದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸುತ್ತೇವೆ, ಮತ್ತು ಅದು ಪ್ರಕಟವಾಗುವವರೆಗೆ ನಮ್ಮಲ್ಲಿ ಯಾರೂ ಆ ಷೇರನ್ನು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ.